ಮನೆಯಲ್ಲಿ ಬರುವ ಲೆಕ್ಕ ಗೇಟ್ ಪರೀಕ್ಷೆಯಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಮೆಕ್ಯಾನಿಕಲ್ ಎಂಜಿನಿಯರಿಂಗ್. ಎಂ.ಟೆಕ್ ಮಾಡಬೇಕೆಂದು ಹೋದ ಸಲ ಅದರ ಪ್ರವೇಶ ಪರೀಕ್ಷೆ ಗೇಟ್ ಬರೆದೆ. ಮನೆಯಲ್ಲಿ ಮಾಕ್ ಟೆಸ್ಟ್ ಬರೆದಾಗ 55-60 ಅಂಕ ಬರುತ್ತಿತ್ತು. ಹುಬ್ಬಳ್ಳಿಯ ಸೆಂಟರ್‌ನಲ್ಲಿ ಕೂತ ತಕ್ಷಣ ಕೈಕಾಲು ತಣ್ಣಗಾದವು. ಮೊದಲಿಗೇ ಜನರಲ್ ಆಪ್ಟಿಟ್ಯೂಡ್‌ನ ಇಂಗ್ಲಿಷ್ ಪ್ರಶ್ನೆಗಳು, ಅಲ್ಲೇ ಅರ್ಧ ಧೈರ್ಯ ಹೋಯಿತು. ಆಮೇಲೆ ಥರ್ಮೋಡೈನಮಿಕ್ಸ್‌ನ ಎರಡು ಅಂಕದ ಒಂದು ಲೆಕ್ಕ. ಎಷ್ಟೋ ಸಲ ಮಾಡಿದ್ದೇ. ಫಾರ್ಮುಲಾ ನೆನಪಾಗಲಿಲ್ಲ, ಬಿಡಲೂ ಮನಸ್ಸಾಗಲಿಲ್ಲ. ಗಡಿಯಾರ ನೋಡಿದರೆ ಹದಿನಾಲ್ಕು ನಿಮಿಷ ಹೋಗಿತ್ತು. ಕೊನೆಗೆ ಬಂದದ್ದು 31. ಮತ್ತೆ ಬರೆಯುತ್ತಿದ್ದೇನೆ. ಅಪ್ಪ ಬೈಯಲ್ಲ, ಆದರೆ ದಿನಾ ರಾತ್ರಿ ‘ಎಲ್ಲಿಗೆ ಬಂತು ತಯಾರಿ?’ ಅಂತಾರೆ. ಈ ಭಯ ಪೂರ್ತಿ ಹೋಗಲು ಏನು ಮಾಡಲಿ?

ಉತ್ತರ: ಪೂರ್ತಿ ಹೋಗಲ್ಲ. ಹೋಗಬೇಕಾದ ಅಗತ್ಯವೂ ಇಲ್ಲ. ಭಯ ಹೋದ ಮೇಲೆ ಚೆನ್ನಾಗಿ ಬರೆಯುತ್ತೇನೆ ಅಂತ ಕಾಯುತ್ತಾ ಕೂತರೆ ಫೆಬ್ರವರಿ ಬಂದುಬಿಡುತ್ತದೆ. ಭಯವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಲೆಕ್ಕ ಮಾಡುವುದನ್ನು ಕಲಿಯಬೇಕು. ಅದು ಈಜಿನ ಹಾಗೆ, ಅಭ್ಯಾಸದಿಂದ ಬರುವಂಥದ್ದು.

ಮೊದಲು ಆ ಹದಿನಾಲ್ಕು ನಿಮಿಷದ ಲೆಕ್ಕ ನೋಡೋಣ. ಗೇಟ್‌ನಲ್ಲಿ 180 ನಿಮಿಷ, 65 ಪ್ರಶ್ನೆ, 100 ಅಂಕ. ಒಂದು ಅಂಕಕ್ಕೆ ಎರಡು ನಿಮಿಷವೂ ಇಲ್ಲ. ಎರಡು ಅಂಕದ ಆಸೆಗೆ ಹೆಚ್ಚುಕಡಿಮೆ ಎಂಟು ಅಂಕದ ಸಮಯ ಕೊಟ್ಟಿರಿ. ಆ ಫಾರ್ಮುಲಾ ಮರೆತದ್ದರಿಂದ ಹೋದದ್ದು ಬರೀ ಎರಡು ಅಂಕ. ಉಳಿದದ್ದು ಅದನ್ನು ಬಿಡದೆ ಹಿಡಿದುಕೊಂಡದ್ದರಿಂದ ಹೋಯಿತು. ಮರೆವು ನಿಮ್ಮ ಕೈಯಲ್ಲಿಲ್ಲ. ಬಿಟ್ಟು ಮುಂದೆ ಹೋಗುವುದು ನಿಮ್ಮ ಕೈಯಲ್ಲಿದೆ, ಅಲ್ವಾ?

ಗೊತ್ತಿದ್ದದ್ದು ಯಾಕೆ ನೆನಪಾಗಲಿಲ್ಲ? ಲೆಕ್ಕ ಮಾಡುವಾಗ ಸಂಖ್ಯೆ, ಸೂತ್ರ, ಮುಂದಿನ ಹೆಜ್ಜೆ ಎಲ್ಲವನ್ನೂ ತಲೆಯಲ್ಲಿ ಒಂದು ಸಣ್ಣ ಜಾಗದಲ್ಲಿ ಹರಡಿಕೊಂಡಿರುತ್ತೇವೆ. ರೊಟ್ಟಿ ತಟ್ಟುವ ಕಲ್ಲಿನಷ್ಟೇ ಜಾಗ ಅಂದುಕೊಳ್ಳಿ. ‘ಈ ಸಲವೂ ಹೋಯಿತು, ಅಪ್ಪನಿಗೆ ಏನು ಹೇಳಲಿ’ ಅನ್ನುವ ಯೋಚನೆಯೂ ಅದೇ ಕಲ್ಲಿನ ಮೇಲೆ ಬಂದು ಕೂರುತ್ತದೆ. ಲೆಕ್ಕಕ್ಕೆ ಜಾಗ ಸಾಲುವುದಿಲ್ಲ. ಓದಿದ್ದು ಅಳಿಸಿ ಹೋಗಿರುವುದಿಲ್ಲ. ಹಾಲ್‌ನಿಂದ ಹೊರಗೆ ಬಂದು ಬಸ್ ಹತ್ತುವಾಗ ಆ ಫಾರ್ಮುಲಾ ತಾನಾಗೇ ನೆನಪಾಗಿರಬೇಕು ನಿಮಗೆ. ಬಹಳ ಜನಕ್ಕೆ ಹಾಗೇ ಆಗುತ್ತದೆ.

ಕೈ ತಣ್ಣಗಾಗುವುದು ಬೇರೆ ವಿಷಯ. ಅಡ್ರಿನಲಿನ್ ಏರಿದಾಗ ಚರ್ಮದ ಕಡೆಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ಎದೆ ಜೋರಾಗಿ ಬಡಿಯುತ್ತದೆ. ಇದರಿಂದ ಲೆಕ್ಕ ಕೆಡಬೇಕೆಂದೇನಿಲ್ಲ. ಅಮೆರಿಕದಲ್ಲಿ ಎಂ.ಎಸ್., ಪಿಎಚ್.ಡಿ. ಸೇರುವವರು ಬರೆಯುವ ಜಿಆರ್‌ಇ ಇದೆಯಲ್ಲ, ಅದನ್ನೇ ಇಟ್ಟುಕೊಂಡು ಸಂಶೋಧಕರು ಒಂದು ಪ್ರಯೋಗ ಮಾಡಿ 2010ರಲ್ಲಿ ಪ್ರಕಟಿಸಿದರು. ಅಭ್ಯಾಸ ಪರೀಕ್ಷೆಗೆ ಮುಂಚೆ ಕೆಲವರಿಗೆ ಮಾತ್ರ ‘ಎದೆ ಬಡಿದುಕೊಂಡರೆ ಹೆದರಬೇಡಿ, ಅದರಿಂದ ಸಹಾಯವೂ ಆಗಬಹುದು’ ಅಂತ ಹೇಳಿದರು. ಅಷ್ಟೇ. ಗಣಿತದ ಭಾಗದಲ್ಲಿ ಅವರು ಉಳಿದವರಿಗಿಂತ ಜಾಸ್ತಿ ಅಂಕ ತೆಗೆದರು. ಮುಂದೆ ನಿಜವಾದ ಜಿಆರ್‌ಇ ಗಣಿತದಲ್ಲೂ ಮುಂದಿದ್ದರು. ಒಂದು ಮಾತಿನಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕೈ ತಣ್ಣಗಾದ ಕೂಡಲೇ ‘ಮುಗಿಯಿತು ಕಥೆ’ ಅಂದುಕೊಳ್ಳುವುದು ಮತ್ತು ‘ಮೈ ತಯಾರಾಯಿತು’ ಅಂದುಕೊಳ್ಳುವುದು ಒಂದೇ ಅಲ್ಲ.

ಈಗ ನಿಮ್ಮ ಮಾಕ್ ಟೆಸ್ಟ್ ವಿಷಯಕ್ಕೆ ಬರುತ್ತೇನೆ. ನನಗೆ ಅನುಮಾನ ಇರುವುದೇ ಅಲ್ಲಿ. ಮನೆಯಲ್ಲಿ ಹೇಗೆ ಬರೆಯುತ್ತಿದ್ದಿರಿ? ಹಾಸಿಗೆ ಮೇಲೆ ಕೂತು, ಮಧ್ಯೆ ಚಹಾ ಕುಡಿದು, ಪಕ್ಕದಲ್ಲಿ ಕ್ಯಾಸಿಯೋ ಇಟ್ಟುಕೊಂಡಾ? ಗೇಟ್‌ನಲ್ಲಿ ಆ ಕ್ಯಾಲ್ಕುಲೇಟರ್ ಇಲ್ಲ. ಪರದೆಯ ಮೇಲಿರುವ ಕ್ಯಾಲ್ಕುಲೇಟರನ್ನು ಮೌಸ್‌ನಿಂದ ಒತ್ತಬೇಕು. ಕೀಬೋರ್ಡ್ ಕೆಲಸ ಮಾಡಲ್ಲ, ಉತ್ತರದ ಸಂಖ್ಯೆಯನ್ನೂ ಮೌಸ್‌ನಿಂದಲೇ ಹಾಕಬೇಕು. ಅಭ್ಯಾಸವಿಲ್ಲದ ಕೈ ಅಲ್ಲಿ ತಡವರಿಸುತ್ತದೆ. ತಡವರಿಸಿದ ಕೂಡಲೇ ಗಾಬರಿ. ಬಹಳ ಮಕ್ಕಳು ಹೇಳುವ ‘ಪರೀಕ್ಷೆ ಭಯ’ದಲ್ಲಿ ಒಂದು ಪಾಲು ಹೀಗೆ ಜಾಗದ ಹೊಸತನ ಅಷ್ಟೇ.

ಹಾಗಾಗಿ ಇನ್ನು ಮುಂದೆ ವಾರಕ್ಕೊಂದು ಮಾಕ್ ಟೆಸ್ಟನ್ನು ಮನೆಯಿಂದ ಹೊರಗೆ ಬರೆಯಿರಿ. ಊರಿನ ಸೈಬರ್ ಕೆಫೆ, ಕಾಲೇಜಿನ ಲ್ಯಾಬ್, ಯಾವುದಾದರೂ ಸರಿ. ಸ್ವಲ್ಪ ಗಲಾಟೆ ಇದ್ದರೆ ಇನ್ನೂ ಒಳ್ಳೆಯದು. ಗೇಟ್‌ನ ಅಧಿಕೃತ ಜಾಲತಾಣದಲ್ಲೇ ಅಭ್ಯಾಸದ ಪರೀಕ್ಷೆ ಇರುತ್ತದೆ, ಪರದೆ ಥೇಟ್ ಹಾಗೇ ಕಾಣುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ಹನ್ನೆರಡೂವರೆಗೇ ಏಳಬೇಕು. ಮಧ್ಯಾಹ್ನದ ಪಾಳಿಯಾದರೆ ಎರಡೂವರೆಯಿಂದ ಐದೂವರೆ. ಊಟ ಮಾಡಿ ಕಣ್ಣೆಳೆಯುವ ಹೊತ್ತು ಅದು, ಅದಕ್ಕೂ ಒಗ್ಗಿಕೊಳ್ಳಿ. ಇಲ್ಲಿ 55ರ ಬದಲು 45 ಬಂದರೆ ಬೇಸರ ಬೇಡ. ಇದೇ ನಿಮ್ಮ ನಿಜವಾದ ಅಂಕ, ಇದನ್ನು ಏರಿಸಬೇಕು.

ಓದುವ ರೀತಿಯೂ ಸ್ವಲ್ಪ ಬದಲಾಗಲಿ. ನೋಟ್ಸನ್ನು ಮತ್ತೆ ಮತ್ತೆ ತಿರುವಿ ಹಾಕುವವರಿಗೆ ಎಲ್ಲ ಗೊತ್ತು ಅನ್ನಿಸುತ್ತದೆ. ಅದು ಸುಮ್ನೆ ಅನ್ನಿಸುವುದು. ಪುಸ್ತಕ ಮುಚ್ಚಿ ಖಾಲಿ ಹಾಳೆಯ ಮೇಲೆ ಸೂತ್ರ ಬರೆದುನೋಡಿ, ತಪ್ಪಿದ್ದನ್ನು ಮಾತ್ರ ತೆರೆದು ನೋಡಿ. ಹೀಗೆ ನೆನಪಿನಿಂದ ಎಳೆದು ಕಲಿತದ್ದು ಒತ್ತಡದಲ್ಲೂ ಅಷ್ಟು ಸುಲಭಕ್ಕೆ ಜಾರುವುದಿಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿ ತೋರಿಸಿತು.

ಹಾಲ್‌ನಲ್ಲಿ ಏನು ಮಾಡಬೇಕು ಅನ್ನುವುದನ್ನು ಇವತ್ತೇ ತೀರ್ಮಾನ ಮಾಡಿಟ್ಟುಕೊಳ್ಳಿ, ಅಲ್ಲಿ ಕೂತು ಯೋಚಿಸಬೇಡಿ. ಆಪ್ಟಿಟ್ಯೂಡ್ ಪರದೆಯಲ್ಲಿ ಮೊದಲು ಬಂದರೂ ಮೊದಲು ಮಾಡಲೇಬೇಕು ಅಂತಿಲ್ಲ. ಅದು ಬರೀ 15 ಅಂಕ. ಕ್ಲಿಕ್ ಮಾಡಿ ನಿಮ್ಮ ವಿಷಯದ ಭಾಗಕ್ಕೆ ಹೋಗಿ, ಕೈ ಬಿಸಿಯಾದ ಮೇಲೆ ವಾಪಸ್ ಬನ್ನಿ. ಮೂರು ನಿಮಿಷದಲ್ಲಿ ದಾರಿ ಕಾಣದ ಪ್ರಶ್ನೆಯನ್ನು ಗುರುತು ಹಾಕಿ ಬಿಟ್ಟುಬಿಡಿ.

ಗಾಬರಿ ಶುರುವಾದರೆ ಸಂಖ್ಯೆ ತುಂಬಿಸುವ ಪ್ರಶ್ನೆಗಳಿಗೆ ಹೋಗಿ. ಅವುಗಳಲ್ಲಿ ತಪ್ಪಾದರೂ ಅಂಕ ಕಳೆಯಲ್ಲ. ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿರಬಹುದಾದ ಪ್ರಶ್ನೆಗಳಲ್ಲೂ ಕಳೆಯಲ್ಲ. ಕಳೆಯುವುದು ಒಂದೇ ಸರಿ ಉತ್ತರ ಇರುವ ಪ್ರಶ್ನೆಗಳಲ್ಲಿ ಮಾತ್ರ. ಒಂದು ಅಂಕದ್ದಕ್ಕೆ ಮೂರನೇ ಒಂದು, ಎರಡರದ್ದಕ್ಕೆ ಮೂರನೇ ಎರಡು. ಸೋಲುವ ಭಯವಿಲ್ಲದ ಕಡೆ ನಾಲ್ಕು ಲೆಕ್ಕ ಮಾಡಿದರೆ ಉಸಿರು ತಾನಾಗಿ ತಹಬದಿಗೆ ಬರುತ್ತದೆ. ಆಗಲೂ ಬರದಿದ್ದರೆ ಪೆನ್ ಕೆಳಗಿಟ್ಟು ನಾಲ್ಕು ಎಣಿಸುತ್ತಾ ಉಸಿರೆಳೆದು ಏಳೆಂಟು ಎಣಿಸುತ್ತಾ ಬಿಡಿ. ಐದಾರು ಸಲ, ಒಂದು ನಿಮಿಷದ ಕೆಲಸ. ನಿಧಾನವಾಗಿ ಉಸಿರು ಬಿಡುವಾಗ ಎದೆಬಡಿತ ಇಳಿಯುತ್ತದೆ. ಇದನ್ನೂ ಮಾಕ್ ಟೆಸ್ಟ್‌ನಲ್ಲೇ ರೂಢಿ ಮಾಡಿಕೊಳ್ಳಬೇಕು. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗಬಾರದು.

ನಾನು ಗೇಟ್ ಬರೆದ ಕಾಲದಲ್ಲಿ ಪೆನ್ಸಿಲ್, ಉತ್ತರದ ಸುತ್ತು ತುಂಬಿಸುವ ಓಎಂಆರ್ ಹಾಳೆ. ಒಂದು ಪ್ರಶ್ನೆ ಬಿಟ್ಟು, ಅದರ ಸುತ್ತನ್ನು ಖಾಲಿ ಬಿಡುವುದು ಮರೆತು, ಆರು ಉತ್ತರ ಒಂದೊಂದು ಮನೆ ಮೇಲಕ್ಕೆ ತುಂಬಿಸಿದ್ದೆ. ಗೊತ್ತಾದಾಗ ಬೆವರಿಳಿಯಿತು. ರಬ್ಬರ್ ಹಿಡಿದ ಕೈ ನಡುಗಿ ಹಾಳೆ ಹರಿಯುವುದೊಂದು ಬಾಕಿ. ಆಮೇಲೂ ಬರೆದೆ, ಸೀಟೂ ಸಿಕ್ಕಿತು. ನಡುಗುವ ಕೈಯಲ್ಲೂ ಲೆಕ್ಕ ಆಗುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತೇ.

ಇನ್ನು ಅಪ್ಪ. ದಿನಾ ಕೇಳುವುದು ಅವರ ಕಾಳಜಿ, ನಿಮಗೆ ಅದು ಲೆಕ್ಕ ಒಪ್ಪಿಸಿದ ಹಾಗೆ. ‘ಭಾನುವಾರ ಸಂಜೆ ನಾನೇ ಹೇಳ್ತೀನಿ, ಮಧ್ಯೆ ಕೇಳಬೇಡಿ’ ಅಂತ ನೇರವಾಗಿ ಹೇಳಿ. ಜೊತೆಗೆ ಇದನ್ನೂ ಹೇಳಿ: ಗೇಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಬಂದ ಸ್ಕೋರ್ ಮೂರು ವರ್ಷ ನಡೆಯುತ್ತದೆ. ನಮ್ಮ ರಾಜ್ಯದ ಎಂ.ಟೆಕ್ ಸೀಟುಗಳಿಗೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬೇರೆ ಇದೆ, ಅದಕ್ಕೂ ಅರ್ಜಿ ಹಾಕಿ. ಇನ್ನೊಂದು ಬಾಗಿಲು ತೆರೆದಿದೆ ಅಂತ ಗೊತ್ತಿದ್ದರೆ ಈ ಬಾಗಿಲ ಮುಂದೆ ಕಾಲು ಅಷ್ಟು ನಡುಗುವುದಿಲ್ಲ.

ಪ್ರಶ್ನೆ: ಎಂಬಿಎಗಾಗಿ ಕ್ಯಾಟ್ ಬರೆಯುತ್ತಿದ್ದೇನೆ. ಗೆಳೆಯನೊಬ್ಬ ‘ನಡುಕ ನಿಲ್ಲುತ್ತದೆ’ ಅಂತ ಪ್ರೊಪ್ರನಲಾಲ್ ಮಾತ್ರೆ ಕೊಟ್ಟಿದ್ದಾನೆ. ನನಗೆ ಚಿಕ್ಕಂದಿನಲ್ಲಿ ಉಬ್ಬಸ ಇತ್ತು. ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಉಬ್ಬಸ ಇದ್ದವರಿಗೆ ಆ ಮಾತ್ರೆ ಉಸಿರಾಟಕ್ಕೇ ಕುತ್ತು ತರಬಹುದು. ಅದು ಎದೆಬಡಿತ, ನಡುಕ ಇಳಿಸುವ ಔಷಧ. ತಲೆಯಲ್ಲಿ ಸುತ್ತುವ ಚಿಂತೆಗೆ ಅಲ್ಲ. ಕೆಲವರಿಗೆ ಬಿಪಿ ಇಳಿದು ತಲೆ ಸುತ್ತುತ್ತದೆ, ಸುಸ್ತಾಗುತ್ತದೆ. ಕ್ಯಾಟ್ ಎರಡು ಗಂಟೆಯ ಪರೀಕ್ಷೆ, ನಲವತ್ತು ನಿಮಿಷದ ಮೂರು ಭಾಗ. ಒಂದು ಭಾಗ ಮುಗಿದರೆ ಹಿಂದಕ್ಕೆ ಹೋಗಲು ಬರುವುದಿಲ್ಲ. ನನ್ನ ಪ್ರಕಾರ ಗಾಬರಿ ಪಡುವವರಿಗೆ ಇದೊಂದು ಅನುಕೂಲ. ಕೆಟ್ಟ ಭಾಗ ಅಲ್ಲಿಗೆ ಮುಚ್ಚಿಹೋಯಿತು, ಹೊಸ ಗಡಿಯಾರ ಶುರು.

ಪರೀಕ್ಷೆ ದೂರ ಇದ್ದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಗೆಳೆಯನ ಮಾತ್ರೆಯ ಬದಲು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.