ಮುತ್ತಾತನಿಂದಾಚೆಗೆ ಹೆಸರು ಸಿಗದಿದ್ದರೆ

ವಂಶವೃಕ್ಷದ ಬಗ್ಗೆ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ: ಮುತ್ತಾತನ ಹೆಸರು ಗೊತ್ತು, ಅವರಪ್ಪ ಯಾರೋ ಗೊತ್ತಿಲ್ಲ. ಈ ಸಲ ನಾಲ್ಕು ಪತ್ರಗಳನ್ನು ಎತ್ತಿಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಬೆಂಗಳೂರಿನ ಸುತ್ತಲಿನ ನೂರಾರು ಮನೆಗಳ ಕಥೆ ಅದೇ.

ಪ್ರಶ್ನೆ: ನಮ್ಮ ಮೂಲ ಯಲಹಂಕ ಕಡೆಯ ಒಂದು ಹಳ್ಳಿ. ಈಗ ಅಲ್ಲಿ ಪೂರ್ತಿ ಬಡಾವಣೆ. ಮುತ್ತಾತ ಮುನಿಯಪ್ಪ ಎಂದು ಗೊತ್ತು, ಅವರ ತಂದೆಯ ಹೆಸರು ಹೇಳುವವರು ಯಾರೂ ಉಳಿದಿಲ್ಲ. ದಾಖಲೆ ತೆಗೆಸಿದರೆ ಅದೇ ಊರಲ್ಲಿ ಮೂವರು ಮುನಿಯಪ್ಪ ಸಿಕ್ಕರು! ಜಮೀನು 1950ರ ದಶಕದಲ್ಲೇ ಮಾರಾಟವಾಗಿದೆ. ಮನೆದೇವರು ಮಾತ್ರ ದೂರದ ಶಿರಾ ಕಡೆ. ಇನ್ನೇನಾದರೂ ದಾರಿ ಇದೆಯೇ?
– ಬಸವೇಶ್ವರನಗರದ ಓದುಗರು

ಉತ್ತರ: ಇದೆ. ಆದರೆ ಮುನಿಯಪ್ಪನವರನ್ನು ಹುಡುಕುವುದನ್ನು ಸ್ವಲ್ಪ ದಿನ ಬಿಡಿ, ಅವರು ಉತ್ತ ಹೊಲವನ್ನು ಹುಡುಕಿ. ಮೂವರಿಗೆ ಒಂದೇ ಹೆಸರಿರಬಹುದು, ಮೂವರ ಹೊಲಕ್ಕೂ ಒಂದೇ ಸರ್ವೆ ನಂಬರ್ ಇರುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಸರ್ವೆ ಮುಗಿದ ಊರಲ್ಲಿ ಹೊಲಕ್ಕೊಂದು ನಂಬರು ಬಿತ್ತು. ಯಜಮಾನರು ಬದಲಾದರೂ ನಂಬರು ಉಳಿಯಿತು, ಅಣ್ಣತಮ್ಮಂದಿರು ಪಾಲಾದಾಗ ಅದಕ್ಕೆ ಹಿಸ್ಸಾ ನಂಬರು ಸೇರಿತು. ನಿಮಗೆ ಹಿಡಿಯಲು ಸಿಗುವ ಗಟ್ಟಿ ಎಳೆ ಇದೊಂದೇ.

ಜಮೀನು ಮಾರಿದ್ದೇ ದಾರಿ ಮುಚ್ಚಿತು ಎಂದು ನೀವು ಬೇಸರಪಟ್ಟಿದ್ದೀರಿ. ನನ್ನ ಅನುಭವದಲ್ಲಿ ಮಾರಿದವರ ಕಾಗದವೇ ಹೆಚ್ಚು ಮಾತಾಡುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಆ ಕ್ರಯಪತ್ರದ ದೃಢೀಕೃತ ನಕಲು ಪಡೆಯಿರಿ. ಕಂಪ್ಯೂಟರ್ ಬರುವ ಮೊದಲಿನ ವರ್ಷಗಳಿಗೆ ಸೂಚಿ ಪುಸ್ತಕಗಳನ್ನು ಕೈಯಲ್ಲೇ ಹುಡುಕಿಸಬೇಕು, ಅದಕ್ಕೆ ತಾಳ್ಮೆ ಬೇಕು. ಪತ್ರ ಕೈಗೆ ಬಂದಾಗ ಬೆಲೆ, ವಿಸ್ತೀರ್ಣ ಬಿಟ್ಟು ಮೂರು ಕಡೆ ನೋಡಿ. ಮಾರಿದವರ ಹೆಸರಿನ ಮುಂದಿನ ‘ಬಿನ್’, ಅಂದರೆ ಇಂಥವರ ಮಗ ಎಂಬ ಮಾತು. ಪಿತ್ರಾರ್ಜಿತವಾದ್ದರಿಂದ ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಅಣ್ಣತಮ್ಮಂದಿರು, ಪತ್ರದಲ್ಲಿ ಹೆಸರಿಸಿದ ಮೈನರ್ ಮಕ್ಕಳು. ಕೊನೆಗೆ ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿಗೆ ಯಾರ ಜಮೀನಿದೆ ಎಂಬ ವಿವರ.

ಚಕ್ಕುಬಂದಿಯನ್ನು ಯಾರೂ ಸರಿಯಾಗಿ ಓದುವುದಿಲ್ಲ. ನಮ್ಮ ಮನೆತನದಲ್ಲೇ ನಾನು ಹತ್ತು ವರ್ಷ ಕೆಂಚಪ್ಪ ಎಂಬ ಇಬ್ಬರನ್ನು ಒಬ್ಬರೆಂದೇ ಬರೆದುಕೊಂಡಿದ್ದೆ. ಒಂದು ಕ್ರಯಪತ್ರದಲ್ಲಿ ಕೆಂಚಪ್ಪನೇ ಹೆಬ್ಬೆಟ್ಟು ಒತ್ತಿದ್ದಾನೆ. ಅದೇ ಪತ್ರದ ಕೆಳಗೆ ‘ಪೂರ್ವಕ್ಕೆ ಲೇಟ್ ಕೆಂಚಪ್ಪನ ಮಕ್ಕಳ ಬಾಬ್ತು ಜಮೀನು’ ಎಂದಿದೆ. ಬದುಕಿರುವವನೇ ಲೇಟ್ ಆಗುವುದು ಹೇಗೆ? ಆ ಒಂದು ಸಾಲಿನಿಂದ ದೊಡ್ಡಪ್ಪ ಬೇರೆ, ತಮ್ಮನ ಮಗ ಬೇರೆ ಎಂಬುದು ಬಿಡಿಸಿಕೊಂಡಿತು. ಪಾಲಾದ ಹೊಲದ ಪಕ್ಕದ ಹೊಲ ಬಹಳ ಸಲ ದಾಯಾದಿಯದೇ ಆಗಿರುತ್ತದೆ. ನಿಮ್ಮ ಮೂವರು ಮುನಿಯಪ್ಪಂದಿರಿಗೂ ಮೂರು ಹಾಳೆ ತೆಗೆದುಕೊಂಡು, ಒಬ್ಬೊಬ್ಬರ ಸರ್ವೆ ನಂಬರು, ಬಿನ್, ನಾಲ್ಕು ದಿಕ್ಕಿನ ಹೆಸರು ಬರೆಯುತ್ತಾ ಹೋಗಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ರೂಢಿ, ಹಾಗಾಗಿ ಅವರಲ್ಲಿ ಇಬ್ಬರು ತಾತ-ಮೊಮ್ಮಗ ಆಗಿದ್ದರೂ ಆಶ್ಚರ್ಯವಿಲ್ಲ.

ಸರ್ವೆ ನಂಬರು ಸಿಕ್ಕ ಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಿ. ಬರೀ ಪಹಣಿ ಕೇಳಿದರೆ ಈಚಿನದು ಕೊಟ್ಟು ಕಳಿಸುತ್ತಾರೆ. ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ರೆಕಾರ್ಡ್ ಆಫ್ ರೈಟ್ಸ್, ಮ್ಯುಟೇಷನ್ ರಿಜಿಸ್ಟರ್ ಎಂದು ಒಂದೊಂದನ್ನೂ ಹೆಸರಿಸಿ ಕೇಳಿ. ಮ್ಯುಟೇಷನ್‌ನಲ್ಲಿ ‘ಪೌತಿ ವಾರಸು’ ಎಂಬ ಮಾತು ಕಂಡರೆ ಅಲ್ಲಿ ತಂದೆ ತೀರಿಕೊಂಡು ಮಕ್ಕಳ ಹೆಸರಿಗೆ ಖಾತೆ ಆಗಿದೆ ಎಂದರ್ಥ. ನಿಮಗೆ ಬೇಕಾದ ಒಂದು ತಲೆಮಾರು ಅಲ್ಲಿ ದಾಟಿತು. ಬಡಾವಣೆಗೆ ಭೂಮಿ ವಶವಾಗಿದ್ದರೆ ಭೂಸ್ವಾಧೀನದ ಅಧಿಸೂಚನೆಗಳನ್ನೂ ನೋಡಿ. ಸರ್ವೆ ನಂಬರಿನ ಎದುರಿಗೇ ಖಾತೆದಾರರು, ಅನುಭವದಾರರ ಹೆಸರು ಅಚ್ಚಾಗಿರುತ್ತವೆ, ಅವರಲ್ಲಿ ನಿಮ್ಮ ದಾಯಾದಿಗಳು ಇರಬಹುದು.

ಊರು ಜೋಡಿ ಅಥವಾ ಇನಾಂ ಗ್ರಾಮವಾಗಿದ್ದರೆ (ಅರಸರು ಒಬ್ಬರಿಗೆ ಉಂಬಳಿಯಾಗಿ ಬಿಟ್ಟುಕೊಟ್ಟ ಊರು) ಹಳೆಯ ಪುಸ್ತಕಗಳಲ್ಲಿ ರೈತರ ಬದಲು ಇನಾಂದಾರರ ಹೆಸರೇ ಕಾಣಬಹುದು. ಆಗ 1954ರ ಇನಾಂ ರದ್ದತಿ ಕಾಯ್ದೆಯಡಿ ರೈತರು ಹಾಕಿಕೊಂಡ ಅರ್ಜಿಗಳ ಕಡತ ಕೇಳಿ. ಗೇಣಿಗೆ ಉಳುತ್ತಿದ್ದ ಕುಟುಂಬದವರು 1974ರ ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ಅರ್ಜಿಯಾದ ಫಾರಂ 7 ಮತ್ತು ಭೂನ್ಯಾಯಮಂಡಳಿಯ ಆದೇಶ ನೋಡಬೇಕು.

ಇನ್ನು ಮನೆದೇವರು. ನೀವು ಪತ್ರದ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ, ನನಗೆ ಅದೇ ದೊಡ್ಡ ಸುಳಿವು ಎನಿಸಿತು. ಯಲಹಂಕದಲ್ಲಿ ಬೇಸಾಯ ಮಾಡಿಕೊಂಡಿದ್ದವರು ಶಿರಾಕ್ಕೆ ಹೋಗಿ ಮಕ್ಕಳ ಮುಡಿ ಕೊಡುತ್ತಿದ್ದರು ಎಂದರೆ, ಯಾವುದೋ ಕಾಲದಲ್ಲಿ ಆ ಕಡೆಯಿಂದ ಎದ್ದು ಬಂದವರಿರಬೇಕು. 1876-78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಸಂಸ್ಥಾನದ ಎಷ್ಟೋ ಜನ ಸತ್ತರು, ಎಷ್ಟೋ ಜನ ಊರು ಬಿಟ್ಟರು. ಮನೆಅಳಿಯನಾಗಿ ಬಂದಿರಬಹುದು ಎಂಬುದನ್ನೂ ಮರೆಯಬೇಡಿ. ಹಾಗಿದ್ದರೆ ಯಲಹಂಕದ ದಾಖಲೆಯಲ್ಲಿ ಅವರ ತಂದೆಯ ಖಾತೆ ಇರುವುದೇ ಇಲ್ಲ. ಒಂದು ಸಲ ಜಾತ್ರೆಯ ಹೊತ್ತಿಗೆ ಹೋಗಿ, ನಿಮ್ಮ ಬೆಡಗಿನ (ಕುಲದೊಳಗಿನ ಬಳಿ) ಒಕ್ಕಲು ಯಾವ ಯಾವ ಊರಿಂದ ಬರುತ್ತಾರೆ ಎಂದು ಪೂಜಾರರನ್ನು ಕೇಳಿ. ಸಿಕ್ಕ ಊರಿನ ಒಬ್ಬ ಮುನಿಯಪ್ಪನನ್ನು ಮಾತ್ರ ಕಾಗದ ಇಲ್ಲದೆ ನಿಮ್ಮ ಮರಕ್ಕೆ ಜೋಡಿಸಬೇಡಿ. ಖಾಲಿ ಬಿಟ್ಟ ಜಾಗವನ್ನು ಮುಂದಿನವರು ತುಂಬಬಹುದು, ತಪ್ಪು ಹೆಸರು ಬರೆದರೆ ಅವರು ಅದನ್ನೇ ನಂಬುತ್ತಾರೆ.

ಪ್ರಶ್ನೆ: ನಾವು ಹಾವೇರಿ ಕಡೆಯವರು, ಬೆಂಗಳೂರಿಗೆ ಬಂದು ಮೂವತ್ತು ವರ್ಷ. ಸಣ್ಣವನಿದ್ದಾಗ ಮನೆಗೆ ಹೆಳವರು ಬಂದು ಹಿರಿಯರ ಹೆಸರೆಲ್ಲ ಹೇಳುತ್ತಿದ್ದದ್ದು ನೆನಪಿದೆ. ಈಗ ಅವರನ್ನು ಹುಡುಕುವುದು ಹೇಗೆ?
– ವಿಜಯನಗರದ ಓದುಗರು

ಉತ್ತರ: ಊರಲ್ಲಿ ಉಳಿದಿರುವ ನಿಮ್ಮ ಅಣ್ಣತಮ್ಮಂದಿರ ಮನೆಗೆ ಫೋನ್ ಮಾಡಿ. ನೀವು ಊರು ಬಿಟ್ಟರೂ ಹೆಳವರು ಆ ಮನೆಗಳನ್ನು ಬಿಟ್ಟಿರಲಿಕ್ಕಿಲ್ಲ. ಯಾವ ಹೆಳವರಿಗೆ ಯಾವ ಮನೆತನ ಎಂಬುದು ಅವರವರಲ್ಲೇ ಹಂಚಿಕೆಯಾಗಿರುತ್ತದೆ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ಮನೆಯವರು ಕಾಳು, ಬಟ್ಟೆ, ಕೆಲವೊಮ್ಮೆ ದನವನ್ನೂ ಕೊಡುತ್ತಿದ್ದರು. ಕೊನೆಯ ಸಲ ಯಾವ ವರ್ಷ ಬಂದಿದ್ದರು, ಯಾರ ಮನೆಯಲ್ಲಿ ಇಳಿದಿದ್ದರು ಎಂದು ವಿಚಾರಿಸಿದರೆ ಅವರ ಊರು ತಿಳಿಯುತ್ತದೆ. ನೀವೇ ಅಲ್ಲಿಗೆ ಹೋಗಿ.

ಹೋದಾಗ ಅವರು ವಂಶಾವಳಿ ಬರೆದಿಡುವ ಪುಸ್ತಕ ತೆಗೆಸಿ ಫೋಟೊ ಹೊಡೆದುಕೊಂಡು ಬರುವ ಅವಸರ ಬೇಡ. ಆ ಪುಸ್ತಕ ಅವರ ಜೀವನ. ಮೊದಲು ಅವರು ಹಾಡಿ ಹೇಳಲಿ, ಒಪ್ಪಿಗೆ ಕೇಳಿ ಧ್ವನಿ ಮುದ್ರಿಸಿಕೊಳ್ಳಿ, ಮರ್ಯಾದೆಯಿಂದ ಕಾಣಿಕೆ ಕೊಡಿ. ನಿಮ್ಮ ಮಕ್ಕಳ ಹೆಸರು ಬರೆಸಿ ಬನ್ನಿ, ಬೆಂಗಳೂರಿಗೆ ಬಂದ ಎಷ್ಟೋ ಮನೆಗಳ ಎಳೆ ಅವರ ಪುಸ್ತಕದಲ್ಲಿ ಕಡಿದಿರುವುದು ಇಲ್ಲಿಯೇ. ಈಚಿನ ನಾಲ್ಕೈದು ತಲೆಮಾರುಗಳನ್ನು ಊರಿನ ಉತಾರದ (ಪಹಣಿಯ) ಜೊತೆ ತಾಳೆ ನೋಡಿ. ಅದಕ್ಕೂ ಹಿಂದಿನದು ಮೂಲಪುರುಷನ ಕಥೆಯ ಕಡೆಗೆ ಹೊರಳುತ್ತದೆ. ಅದನ್ನೂ ಬರೆದುಕೊಳ್ಳಿ, ಬೇರೆ ಪುಟದಲ್ಲಿ.

ಪ್ರಶ್ನೆ: ನಮ್ಮದು ನಗರ್ತಪೇಟೆಯ ಹಳೆಯ ಮನೆತನ. ಎಂಬತ್ತು ದಾಟಿ ಬದುಕಿದ್ದ ಮುತ್ತಾತನ ಜಾತಕದಲ್ಲಿ ‘ವಿಳಂಬಿ ಸಂವತ್ಸರ, ಕಾರ್ತಿಕ ಮಾಸ’ ಎಂದಷ್ಟೇ ಇದೆ. ಹುಟ್ಟಿದ್ದು ಮಾತ್ರ ಹೊಸಕೋಟೆ ಹತ್ತಿರದ ಹಳ್ಳಿಯಲ್ಲಿ. ಅಲ್ಲಿ ನಮಗೆ ನೆಂಟರೇ ಇಲ್ಲ. ಎರಡು ಬೇರೆ ಮನೆತನಗಳು ಬೆರೆತಿವೆಯೇ?
– ಮಲ್ಲೇಶ್ವರದ ಓದುಗರು

ಉತ್ತರ: ಬೆರೆತಿರಲಾರವು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ವಿಳಂಬಿ ಬಂದದ್ದು 1838, 1898, 1958, 2018ರ ಯುಗಾದಿಗಳಿಂದ. ನಿಮ್ಮ ಲೆಕ್ಕಕ್ಕೆ ಕೂಡುವುದು 1898. ಆ ವರ್ಷ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು, ಇಕ್ಕಟ್ಟಾದ ಪೇಟೆಯ ಮನೆಗಳನ್ನು ಬಿಟ್ಟು ಜನ ಹೊರಗೆ ಹೋದರು. ಕಾರ್ತಿಕ ಎಂದರೆ ಅದಾಗಿ ಕೆಲವೇ ತಿಂಗಳು. ಬಸುರಿಯನ್ನು ಹಳ್ಳಿಗೆ ಸಾಗಿಸಿದ್ದಾರೆ ಎಂದೇ ನನಗೆ ತೋರುತ್ತದೆ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದೂ ಆ ಮಾರಿಯ ನಂತರವೇ, ನಿಮ್ಮ ಮನೆಯವರು ಈಗಿನ ಜಾಗಕ್ಕೆ ಯಾವಾಗ ಬಂದರು ಎಂದು ನಿವೇಶನದ ಕಾಗದ ನೋಡಿ. ಜಾತಕದಲ್ಲಿ ವಾರ, ತಿಥಿ, ನಕ್ಷತ್ರ ಇದ್ದರೆ ಪಂಚಾಂಗ ಬಲ್ಲವರು ತಾರೀಕನ್ನೇ ಹೇಳುತ್ತಾರೆ.

ಪ್ರಶ್ನೆ: ನಮ್ಮಪ್ಪನಿಗೆ ಎರಡು ವರ್ಷವಿದ್ದಾಗ ಅವರ ಹೆತ್ತ ತಾಯಿ ತೀರಿಕೊಂಡರು. ತಾತ ಮರುಮದುವೆಯಾದರು. ತೀರಿಕೊಂಡ ಆ ಅಜ್ಜಿಯ ಹೆಸರು ಲಕ್ಷ್ಮಮ್ಮ ಎಂದಷ್ಟೇ ಗೊತ್ತು. ತವರು ಯಾವುದೋ ಗೊತ್ತಿಲ್ಲ, ಒಂದು ಫೋಟೊ ಕೂಡ ಇಲ್ಲ. ಅಪ್ಪನೂ ಈಗಿಲ್ಲ.
– ಜಯನಗರದ ಓದುಗರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಅಮ್ಮಾ. ನಮ್ಮ ಸರ್ಕಾರಿ ಕಾಗದಗಳಲ್ಲಿ ಹೆಂಗಸರು ‘ಕೋಂ’ ಎಂಬ ಎರಡಕ್ಷರದ ಹಿಂದೆ ಮರೆಯಾಗುತ್ತಾರೆ. ಲಕ್ಷ್ಮಮ್ಮ ಕೋಂ ಇಂಥವರು ಎಂದರೆ ಗಂಡ ಯಾರೆಂದು ತಿಳಿಯುತ್ತದೆ, ಅಪ್ಪ ಯಾರೆಂದಲ್ಲ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ, ಹಿಂದಿನ ದಾಖಲೆ ಒಂದೊಂದು ಊರಲ್ಲಿ ಒಂದೊಂದು ಥರ. ಅದನ್ನೇ ನಂಬಿ ಕೂರಬೇಡಿ.

ನಿಮ್ಮ ತಂದೆ ತರ್ಪಣ ಬಿಡುತ್ತಿದ್ದರೇ? ಹಾಗಿದ್ದರೆ ಅಜ್ಜಿಯ ತವರಿನ ಹೆಸರುಗಳನ್ನು ಅವರೇ ಪ್ರತಿ ಮಹಾಲಯಕ್ಕೆ ಬಾಯಲ್ಲಿ ಹೇಳುತ್ತಿದ್ದರು. ಅಪ್ಪನ ಕಡೆಯ ಮೂರು ತಲೆಯಾದ ಮೇಲೆ ತಾಯಿಯ ತಂದೆ, ಅವರ ತಂದೆ, ಅವರ ತಂದೆ, ಜೊತೆಗೆ ಅವರ ಹೆಂಡತಿಯರ ಹೆಸರುಗಳು ಗೋತ್ರದೊಂದಿಗೆ ಬರುತ್ತವೆ. ಮನೆಗೆ ಬರುತ್ತಿದ್ದ ಪುರೋಹಿತರ ಟಿಪ್ಪಣಿ ಪುಸ್ತಕದಲ್ಲೋ, ಅಪ್ಪನ ಪಂಚಾಂಗದ ಹಿಂದಿನ ಹಾಳೆಯಲ್ಲೋ ಆ ಪಟ್ಟಿ ಇರಬಹುದು. ಅಪ್ಪ ದೊಡ್ಡವರಾದ ಮೇಲೆ ಅವರ ಮದುವೆಗೆ ಸೋದರಮಾವ ಎಂದು ಯಾರಾದರೂ ಬಂದಿದ್ದರೇ ಎಂದು ಹಿರಿಯ ನೆಂಟರನ್ನು ಕೇಳಿ. ಅಜ್ಜಿಗೆ ತವರಿನವರು ಅರಿಶಿನ-ಕುಂಕುಮಕ್ಕೆಂದು ಜಮೀನು ಬರೆದಿದ್ದರೆ ಆ ಪತ್ರದಲ್ಲಿ ಕೊಟ್ಟ ತಂದೆಯ ಅಥವಾ ಅಣ್ಣನ ಹೆಸರು ಇದ್ದೇ ಇರುತ್ತದೆ.

ಇದ್ಯಾವುದೂ ಇಲ್ಲದಿದ್ದರೂ ಪಾತ್ರೆಗಳಿವೆ. ಮದುವೆಯಲ್ಲಿ ತವರಿನವರು ಕೊಟ್ಟ ಹಂಡೆ, ಕೊಳದಪ್ಪಲೆ, ತಂಬಿಗೆಗಳ ಕಂಠದ ಮೇಲೆ ಹೆಸರು ಕೆತ್ತಿಸುವ ಪದ್ಧತಿ ನಮ್ಮಲ್ಲಿತ್ತು. ಎರಡನೆಯ ಹೆಂಡತಿ ಬಂದರೂ ಮೊದಲನೆಯವರ ಪಾತ್ರೆ ಮನೆಯಿಂದ ಹೊರಗೆ ಹೋಗುವುದು ಅಪರೂಪ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ನೀರು ಕಾಯಿಸುತ್ತಿದ್ದ ತಾಮ್ರದ ಹಂಡೆಯ ಮಸಿಯಡಿ ಒಂದು ಊರಿನ ಹೆಸರು ಸಿಕ್ಕಿತು, ಅದರಿಂದಲೇ ತವರೂ ಸಿಕ್ಕಿತು. ನಿಮ್ಮ ಮನೆಯ, ನಿಮ್ಮ ಚಿಕ್ಕಪ್ಪಂದಿರ ಮನೆಯ ಅಟ್ಟದಲ್ಲಿರುವ ಹಳೆಯ ತಾಮ್ರ, ಹಿತ್ತಾಳೆಯನ್ನೆಲ್ಲ ಕೆಳಗಿಳಿಸಿ. ಹುಣಸೆಹಣ್ಣು ಹಚ್ಚಿ ಮೆಲ್ಲಗೆ ಉಜ್ಜಿ, ಒರೆಸಿ, ಕಂಠದ ಸುತ್ತ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಸಾಣೆ ಹಿಡಿಸಲು ಅಂಗಡಿಗೆ ಮಾತ್ರ ಕೊಡಬೇಡಿ, ಚುಕ್ಕಿಯಲ್ಲಿ ಕುಟ್ಟಿದ ಅಕ್ಷರ ಸವೆದುಹೋಗುತ್ತದೆ.