ಯಾವುದರ ಕಿಲೋ, ಯಾರ ಪಾಲು?

ಮಾನ್ಯರೇ,

ಭತ್ತದ ಕೊಯ್ಲಾದ ಗದ್ದೆಯಲ್ಲಿ ಬಿತ್ತುವ ಚಳಿಗಾಲದ ಗೋಧಿಗೆ ಕೊಡುವ ಸಾರಜನಕದ ಬಗ್ಗೆ ನೀವು ಕಳಿಸಿದ ಲೇಖನವನ್ನು ಓದಿದೆ. ವಿಷಯದ ಆಯ್ಕೆ ಚೆನ್ನಾಗಿದೆ, ಭಾಷೆ ಶುದ್ಧವಾಗಿದೆ, ಪಟ್ಟ ಶ್ರಮವೂ ಕಾಣುತ್ತದೆ. ಆದರೆ ಎರಡನೆಯ ಪುಟದ ಒಂದು ವಾಕ್ಯ ಎರಡು ದಿನ ನನ್ನ ನೆಮ್ಮದಿ ಕೆಡಿಸಿದ್ದರಿಂದ, ಉಳಿದದ್ದನ್ನು ಬದಿಗಿಟ್ಟು ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

“ಹೆಕ್ಟೇರಿಗೆ ಸುರಿದ 120 ಕಿಲೋ ಯೂರಿಯಾದಲ್ಲಿ ಬೆಳೆಗೆ ದಕ್ಕುವುದು ಶೇ. 40 ಮಾತ್ರ, ಉಳಿದ ಶೇ. 60 ಗಾಳಿಪಾಲಾಗುತ್ತದೆ.”

ಮೊದಲು ‘120 ಕಿಲೋ ಯೂರಿಯಾ’. ನಿಮ್ಮದೇ ಕೋಷ್ಟಕದಲ್ಲಿ ಈ 120 ‘ಸಾರಜನಕ’ ಎಂಬ ಶೀರ್ಷಿಕೆಯ ಕೆಳಗಿದೆ. ಯೂರಿಯಾದಲ್ಲಿ ಸಾರಜನಕವಿರುವುದು ಶೇ. 46. ಅಂದರೆ 120 ಕಿಲೋ ಸಾರಜನಕಕ್ಕೆ ಸುಮಾರು 260 ಕಿಲೋ ಯೂರಿಯಾ ಬೇಕು; 120 ಕಿಲೋ ಯೂರಿಯಾ ಹಾಕಿದರೆ ಮಣ್ಣಿಗೆ ಬಿದ್ದದ್ದು ಬರೀ 55 ಕಿಲೋ ಸಾರಜನಕ. ನಿಮ್ಮನ್ನು ನಂಬಿದ ರೈತ ಅರ್ಧಕ್ಕಿಂತ ಕಡಿಮೆ ಗೊಬ್ಬರ ಕೊಟ್ಟು ಕೂತಿರುತ್ತಾನೆ.

ಉಪಸಂಪಾದಕನಾಗಿ ಸೇರಿದ ಮೊದಲ ವರ್ಷ ನಾನೂ ಇದೇ ತಪ್ಪು ಮಾಡಿದ್ದೆ. ಹಿರಿಯ ಸಂಪಾದಕರು ಬೈಯಲಿಲ್ಲ. ಕರಡಿನ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ ‘ಯಾವುದರ ಕಿಲೋ?’ ಎಂದಷ್ಟೇ ಬರೆದಿದ್ದರು. ಅದೇ ಕರಡಿನಲ್ಲಿ ನಾನು ‘ನಷ್ಟ’ ಎಂಬ ಪದವನ್ನು ಧಾರಾಳವಾಗಿ ಬಳಸಿದ್ದಕ್ಕೆ, ಒದ್ದೆ ಮಣ್ಣು ತುಂಬಿದ ಗಾಜಿನ ಭರಣಿಗೆ ಒಂದು ಚಮಚ ಯೂರಿಯಾ ಉದುರಿಸಿ, ಮುಚ್ಚಳ ಬಿಗಿದು ನನ್ನ ಮೇಜಿನ ಮೇಲಿಟ್ಟರು. ಕೆಲವು ದಿನ ಬಿಟ್ಟು ಮುಚ್ಚಳ ತೆರೆಸಿದಾಗ ಅಮೋನಿಯಾದ ಘಾಟಿಗೆ ಕಣ್ಣಲ್ಲಿ ನೀರು ಬಂತು. “ಇದು ಒಂದು ದಾರಿ, ಉಳಿದವನ್ನು ಬರೆದುಕೊಂಡು ಬಾ” ಎಂದರು.

ಈಗ ‘ಗಾಳಿಪಾಲು’. ಪದ ಸೊಗಸಾಗಿದೆ, ಲೆಕ್ಕ ಸೊಗಸಾಗಿಲ್ಲ. ಗೊಬ್ಬರ ಕೊಟ್ಟ ಮಡಿಯ ಬೆಳೆ ಹೀರಿದ ಸಾರಜನಕದಿಂದ ಗೊಬ್ಬರ ಕೊಡದ ಮಡಿಯದನ್ನು ಕಳೆದು, ಹಾಕಿದ ಸಾರಜನಕದಿಂದ ಭಾಗಿಸಿ ನೀವು ಶೇ. 40 ಪಡೆದಿದ್ದೀರಿ. ಅದು ಸರಿಯಾದ ಕ್ರಮವೇ. ಆದರೆ ಮಿಕ್ಕ 60 ಬೆಳೆಗೆ ಸಿಗದ ಪಾಲೇ ಹೊರತು ಅಷ್ಟೂ ಹೊಲ ಬಿಟ್ಟುಹೋದ ಪಾಲಲ್ಲ. ಅದರಲ್ಲಿ ಒಂದಂಶ ಬೇರಿನಲ್ಲಿ, ಸಾವಯವ ಪದಾರ್ಥದಲ್ಲಿ, ಸೂಕ್ಷ್ಮಜೀವಿಗಳ ಮೈಯಲ್ಲಿ ಉಳಿದಿರುತ್ತದೆ. ಭತ್ತದ ಹುಲ್ಲನ್ನು ಮಣ್ಣಿಗೆ ಸೇರಿಸಿದ ಹೊಲದಲ್ಲಂತೂ, ಇಂಗಾಲ ಹೆಚ್ಚಾಗಿ ಸಾರಜನಕ ತೀರ ಕಡಿಮೆಯಿರುವ ಆ ಹುಲ್ಲನ್ನು ಕೊಳೆಸಲು ಸೂಕ್ಷ್ಮಜೀವಿಗಳು ಗೊಬ್ಬರದ ಸಾರಜನಕವನ್ನೇ ಕಡ ತೆಗೆದುಕೊಳ್ಳುತ್ತವೆ. ಗೋಧಿಯ ಎಲೆ ಹಳದಿಯಾಗುತ್ತದೆ, ನಿಜ. ಕಡವನ್ನು ನಷ್ಟವೆಂದು ಬರೆಯಲಾಗದು. ನಷ್ಟವನ್ನು ಅಂದಾಜಿಸಬೇಕಾದರೂ ಬಿತ್ತನೆಗೂ ಕೊಯ್ಲಿಗೂ ಮಣ್ಣಿನ ಆಳದವರೆಗೆ ಅಮೋನಿಯಂ ಮತ್ತು ನೈಟ್ರೇಟ್ (ಬೇರು ಹೀರಬಲ್ಲ ಸಾರಜನಕದ ಎರಡು ರೂಪಗಳು) ಅಳೆದಿರಬೇಕು, ಅಥವಾ ಎಲ್ಲಿಗೆ ಹೋಯಿತೆಂದು ಪತ್ತೆ ಹಚ್ಚಲು ಬರುವಂತೆ ಸಾರಜನಕ-15ರ (ಸಾರಜನಕದ ತುಸು ಭಾರವಾದ ರೂಪದ) ಗುರುತಿರುವ ಗೊಬ್ಬರ ಬಳಸಿರಬೇಕು. ನೀವು ಎರಡನ್ನೂ ಮಾಡಿಲ್ಲ.

ನಿಜವಾಗಿ ಕಳೆದುಹೋಗುವುದೂ ಎಲ್ಲ ಗಾಳಿಗಲ್ಲ. ನೈಟ್ರೇಟ್ ನೀರಿನೊಡನೆ ಬೇರಿಗೆ ಸಿಗದ ಆಳಕ್ಕೆ ಬಸಿದುಹೋಗುತ್ತದೆ. ನನಗೆ ಹೆಚ್ಚು ಬೇಸರವಾದದ್ದು, ಶೀರ್ಷಿಕೆಯಲ್ಲಿರುವ ಭತ್ತ ಈ ವಾಕ್ಯದ ಹೊತ್ತಿಗೆ ಮಾಯವಾದದ್ದಕ್ಕೆ. ತಿಂಗಳುಗಟ್ಟಲೆ ನೀರು ನಿಂತ ಗದ್ದೆಯಲ್ಲಿ ಆಮ್ಲಜನಕವಿಲ್ಲದೆ ಸಾರಜನಕ ಬಹುಪಾಲು ಅಮೋನಿಯಂ ರೂಪದಲ್ಲೇ ಇರುತ್ತದೆ. ನೀರು ಬಸಿದು ಗಾಳಿಯಾಡಿದೊಡನೆ ಅದು ನೈಟ್ರೇಟ್ ಆಗತೊಡಗುತ್ತದೆ, ಆಗ ಗೋಧಿಯ ಬೇರು ಇನ್ನೂ ಬೆರಳುದ್ದ. ಅಷ್ಟರಲ್ಲಿ, ಬಿತ್ತನೆಯಾದ ಮೂರು ವಾರಕ್ಕೆ, ಮೊದಲ ನೀರು ಹಾಯಿಸುತ್ತೀರಿ. ಕೆಸರು ಕಲಸಿ ಕಲಸಿ ಕೆಳಗೆ ಗಟ್ಟಿಯಾದ ಪದರ ನೀರನ್ನು ತಡೆಯುತ್ತದೆ, ಮಣ್ಣು ಮತ್ತೆ ಉಸಿರುಗಟ್ಟುತ್ತದೆ, ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕ ಕಿತ್ತುಕೊಂಡು ಸಾರಜನಕವನ್ನೂ ನೈಟ್ರಸ್ ಆಕ್ಸೈಡನ್ನೂ ಗಾಳಿಗೆ ಬಿಡುತ್ತವೆ. ನಿಮ್ಮ ‘ಗಾಳಿಪಾಲು’ ಸಲ್ಲುವುದು ಇದಕ್ಕೂ, ಭರಣಿಯಿಂದ ಹೊಮ್ಮಿದ ಆ ಘಾಟಿಗೂ.

ಕೋಷ್ಟಕದ ಪ್ರತಿ ಸಾಲಿಗೂ ‘ಯೂರಿಯಾ’ ಎಂದೋ ‘ಸಾರಜನಕ’ ಎಂದೋ ಬರೆದು, ಶೇ. 60ರ ಮುಂದೆ ‘ಬೆಳೆಗೆ ಸಿಗದ್ದು’ ಎಂದು ತಿದ್ದಿ, ಮೇಲುಗೊಬ್ಬರವನ್ನು ಮೊದಲ ನೀರಿಗೆ ಮುನ್ನ ಕೊಟ್ಟಿರೋ ನಂತರ ಕೊಟ್ಟಿರೋ ಎಂಬುದನ್ನೂ ಸೇರಿಸಿ ಕಳಿಸಿ. ಲೇಖನವನ್ನು ಮತ್ತೆ ಓದುತ್ತೇನೆ.

ಇಂತು,
ಸಂಪಾದಕ