ಬೇಟೆಯ ‘ಕ್ವಾರಿ’ಗೂ ಕಲ್ಲು ಕ್ವಾರಿಗೂ ಏನಾದರೂ ಸಂಬಂಧವಿದೆಯೇ?

ಬೇಟೆಗಾರ ತನ್ನ ‘ಕ್ವಾರಿ’ಯನ್ನು ಅಟ್ಟಿಸಿಕೊಂಡು ಹೋದ ಎಂದು ಇಂಗ್ಲಿಷ್ ಕಥೆಯಲ್ಲಿ ಓದಿದಿರಿ, ಕ್ವಾರಿ ಎಂದರೆ ಕಲ್ಲು ತೆಗೆಯುವ ಜಾಗವಲ್ಲವೇ ಎಂದು ಕೇಳಿದ್ದೀರಿ. ಆ ಕಥೆಯ ಕ್ವಾರಿ ಎಂದರೆ ಬೇಟೆಗಾರ ಬೆನ್ನಟ್ಟುವ ಪ್ರಾಣಿ. ಎರಡಕ್ಕೂ ಸಂಬಂಧವಿಲ್ಲ. ಬೇರೆ ಬೇರೆ ಮೂಲದ ಎರಡು ಪದಗಳು ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದು, ಬಾಯಿಂದ ಬಾಯಿಗೆ ಸವೆದು ಒಂದೇ ರೂಪಕ್ಕೆ ಇಳಿದಿವೆ.

ಕಲ್ಲಿನ ಕ್ವಾರಿಯ ಕಥೆ ಚಿಕ್ಕದು. ಲ್ಯಾಟಿನ್ನಿನಲ್ಲಿ ‘ಕ್ವಾಡ್ರುಸ್’ ಎಂದರೆ ಚೌಕ. ಬಂಡೆಯನ್ನು ಚೌಕವಾಗಿ ಸೀಳಿ ತೆಗೆಯುವ ಸ್ಥಳ ಎಂಬುದರಿಂದ ಆ ಹೆಸರು.

ಬೇಟೆಯ ಕ್ವಾರಿ ನನಗೆ ಬಹಳ ಇಷ್ಟವಾದ ಪದ. ಮಧ್ಯಯುಗದ ಫ್ರಾನ್ಸ್ ಮತ್ತು ಇಂಗ್ಲೆಂಡಿನ ಶ್ರೀಮಂತರು ಬೇಟೆನಾಯಿಗಳ ಹಿಂಡು ಕಟ್ಟಿಕೊಂಡು ಜಿಂಕೆಯ ಬೆನ್ನು ಹತ್ತುತ್ತಿದ್ದರು. ಜಿಂಕೆ ಬಿದ್ದ ಮೇಲೆ ಅದರ ಚರ್ಮ ಸುಲಿದು ನೆಲಕ್ಕೆ ಹಾಸುವುದು, ಕರುಳು ಮೊದಲಾದ ಒಳಭಾಗಗಳನ್ನು ಕತ್ತರಿಸಿ, ರಕ್ತದಲ್ಲಿ ನೆನೆದ ರೊಟ್ಟಿಯ ಜೊತೆ ಕಲಸಿ ಅದರ ಮೇಲೆ ಸುರಿಯುವುದು, ಆಮೇಲೆ ನಾಯಿಗಳನ್ನು ಬಿಡುವುದು ವಾಡಿಕೆಯಾಗಿತ್ತು. ಇದು ನಾಯಿಗಳ ಮೇಲಿನ ಅಕ್ಕರೆಯಷ್ಟೇ ಅಲ್ಲ, ತರಬೇತಿಯೂ ಹೌದು. ಯಾವ ವಾಸನೆಯ ಜಾಡು ಹಿಡಿದರೆ ಹೊಟ್ಟೆ ತುಂಬುತ್ತದೆ ಎಂಬುದನ್ನು ಎಳೆಯ ನಾಯಿ ಅಲ್ಲಿಯೇ ಕಲಿಯುತ್ತಿತ್ತು. ನಾಯಿಗಳ ಈ ಪಾಲಿಗೆ ಹಳೆಯ ಫ್ರೆಂಚಿನಲ್ಲಿ ‘ಕುಯಿರೆ’ ಎನ್ನುತ್ತಿದ್ದರು. ಕರುಳು ಎಂಬರ್ಥದ ‘ಕೊರೆ’ ಪದಕ್ಕೆ ಚರ್ಮ ಎಂಬರ್ಥದ ‘ಕುಯಿರ್’ ಪದದ ನೆರಳು ಬಿದ್ದು ಈ ರೂಪ ಬಂತು ಎನ್ನುವುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ.

14ನೆಯ ಶತಮಾನದ ಇಂಗ್ಲಿಷಿನಲ್ಲಿ ಇದೇ ಅರ್ಥವಿತ್ತು. ಮುಂದೆ ಅದು ಬೇಟೆಯಲ್ಲಿ ಕೊಂದ ಪ್ರಾಣಿಗಳ ರಾಶಿಯಾಯಿತು. ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ನಾಲ್ಕನೆಯ ಅಂಕದಲ್ಲಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆಯ ಸುದ್ದಿ ತಂದ ರಾಸ್, ಅವರ ಹೆಣಗಳನ್ನು ಕೊಂದ ಜಿಂಕೆಗಳ ‘ಕ್ವಾರಿ’ ಎನ್ನುತ್ತಾನೆ. ಇಂದಿನ ಅರ್ಥದಲ್ಲಿ ಓದಿದರೆ ಆ ಮಾತಿನ ಭೀಕರತೆ ಕೈಗೆ ಸಿಗುವುದೇ ಇಲ್ಲ. ರಾಶಿ ಹಾಕಿದ ಹೆಣಗಳು ಕಣ್ಣ ಮುಂದೆ ಬರಬೇಕು. ಗಿಡುಗ ಬಿಟ್ಟು ಬೇಟೆಯಾಡುವವರು ಗಿಡುಗ ಎರಗುವ ಹಕ್ಕಿಯನ್ನೂ ಹೀಗೆಯೇ ಕರೆಯುತ್ತಿದ್ದರು. 17ನೆಯ ಶತಮಾನದ ಹೊತ್ತಿಗೆ ಜೀವ ಉಳಿಸಿಕೊಳ್ಳಲು ಓಡುತ್ತಿರುವ ಯಾವುದೇ ಪ್ರಾಣಿ ‘ಕ್ವಾರಿ’ ಆಯಿತು. ಸತ್ತ ಮೇಲೆ ನಾಯಿಗೆ ಹಾಕುವುದಕ್ಕಿದ್ದ ಹೆಸರು ಬದುಕಿರುವಾಗಲೇ ಪ್ರಾಣಿಗೆ ಅಂಟಿಕೊಂಡಿತು!

ಕನ್ನಡಕ್ಕೆ ತರುವುದಾದರೆ ‘ಬೇಟೆ’ ಎಂದು ಬರೆದು ಬಿಡಬೇಡಿ, ‘ಮಿಕ’ ಎನ್ನಿ. ಮೃಗ ಎಂಬುದರ ತದ್ಭವವಾದ ಈ ಪದ ಕಾಡಿನ ಪ್ರಾಣಿಗೂ ಸಲ್ಲುತ್ತದೆ, ‘ಮಿಕ ಬಲೆಗೆ ಬಿತ್ತು’ ಎನ್ನುವಾಗ ಮನುಷ್ಯನಿಗೂ ಸಲ್ಲುತ್ತದೆ. ಪತ್ತೇದಾರಿ ಕಥೆಗಳಲ್ಲಿ ಪೊಲೀಸರು ಬೆನ್ನಟ್ಟುವ ಅಪರಾಧಿಯನ್ನು ಇಂಗ್ಲಿಷಿನವರು ‘ಕ್ವಾರಿ’ ಎನ್ನುವುದೂ ಹೀಗೆಯೇ.

ಇನ್ನೊಂದು ಸಂಗತಿ. ಅಡ್ಡಬಿಲ್ಲಿನಿಂದ ಹೊಡೆಯುವ ಗಿಡ್ಡ ಬಾಣಕ್ಕೆ ಇಂಗ್ಲಿಷಿನಲ್ಲಿ ‘ಕ್ವಾರೆಲ್’ ಎಂಬ ಹಳೆಯ ಹೆಸರಿದೆ. ಅದು ಬೇಟೆಯ ಕ್ವಾರಿಯ ಬಳಗವಲ್ಲ, ಕಲ್ಲಿನ ಕ್ವಾರಿಯ ದಾಯಾದಿ: ಬಾಣದ ಮೊನೆಗೆ ನಾಲ್ಕು ಮುಖಗಳಿದ್ದುದರಿಂದ ಆ ಹೆಸರು.